ವಾಕಿಂಗಿಗೆ ಕಾರು ಬೇಕಾದ ಊರು

ಮಂಗಳೂರಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರಲ್ಲಿ ಬಹಳಷ್ಟು ಮಂದಿ ಮೊದಲು ಗಾಡಿ ಸ್ಟಾರ್ಟ್ ಮಾಡುತ್ತಾರೆ. ಕದ್ರಿ ಪಾರ್ಕಿನ ಎದುರು, ಮಂಗಳಾ ಕ್ರೀಡಾಂಗಣದ ಹೊರಗೆ ಬೆಳಗಾಗುವ ಹೊತ್ತಿಗೇ ಸಾಲುಗಟ್ಟುವ ಕಾರು, ಸ್ಕೂಟರುಗಳೇ ಇದಕ್ಕೆ ಸಾಕ್ಷಿ. ಒಂದೆರಡು ಕಿಲೋಮೀಟರ್ ಗಾಡಿಯಲ್ಲಿ ಬಂದು, ಒಳಗೆ ನಾಲ್ಕು ಸುತ್ತು ಹಾಕಿ, ಮತ್ತೆ ಗಾಡಿಯಲ್ಲೇ ಮನೆಗೆ. ಇದನ್ನು ಸೋಮಾರಿತನ ಎಂದು ಗೇಲಿ ಮಾಡುವುದು ಸುಲಭ. ಆ ಒಂದೆರಡು ಕಿಲೋಮೀಟರನ್ನು ಕಾಲ್ನಡಿಗೆಯಲ್ಲಿ ದಾಟಿದವರು ಮಾತ್ರ ಗೇಲಿ ಮಾಡಲಾರರು. ಚರಂಡಿಯ ಮೇಲೆ ಹಾಸಿದ ಚಪ್ಪಡಿ ಒಂದು ಕಡೆ ಎದ್ದಿರುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಅಂಗಡಿಯವರ ಬೋರ್ಡು, ನಡುವೆ ಯಾರದೋ ಬೈಕು. ಕೆಳಗಿಳಿದು ರಸ್ತೆಯ ಅಂಚಿನಲ್ಲಿ ನಡೆದರೆ ಹಿಂದಿನಿಂದ ಸಿಟಿ ಬಸ್ಸಿನ ಹಾರ್ನು.

ಬೊಜ್ಜಿನ ಮಾತು ಬಂದಾಗ ನಾವು ದೂರುವುದು ಎರಡನ್ನೇ. ತಿನ್ನುವುದು ಜಾಸ್ತಿಯಾಗಿದೆ, ಮೈ ಬಗ್ಗಿಸುವ ಮನಸ್ಸು ಕಡಿಮೆಯಾಗಿದೆ. ಎರಡೂ ನಿಜ. ಆದರೆ ಮನೆಯಿಂದ ಅಂಗಡಿಗೆ, ಬಸ್ ಸ್ಟಾಪಿಗೆ, ಶಾಲೆಗೆ, ಮೈದಾನಕ್ಕೆ ಇರುವ ದಾರಿ ಹೇಗಿದೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಬಂದರೂ ‘ನಗರಕ್ಕೆ ಇನ್ನಷ್ಟು ಪಾರ್ಕ್ ಬೇಕು’ ಎಂಬ ಬೇಡಿಕೆಯಲ್ಲಿ ಮುಗಿದುಹೋಗುತ್ತದೆ. ಪಾರ್ಕ್ ಬೇಕು, ನಿಜ. ಆದರೆ ವ್ಯಾಯಾಮ ಮಾಡಬೇಕೆಂದು ನಿರ್ಧರಿಸಿ ಹೊರಡುವವರಿಗಷ್ಟೇ ಅದು ನೆರವಾಗುತ್ತದೆ. ಅಂಥ ನಿರ್ಧಾರವಿಲ್ಲದೆಯೇ ದಿನಕ್ಕೆ ನಾಲ್ಕೈದು ಸಾವಿರ ಹೆಜ್ಜೆ ತಾನಾಗಿ ಬೀಳುತ್ತಿದ್ದ ಊರನ್ನು ನಾವು ಕಳೆದುಕೊಂಡಿದ್ದೇವೆ. ಮಂಗಳೂರಿನ ಮಟ್ಟಿಗೆ ದೊಡ್ಡ ನಷ್ಟ ಅದು ಎಂಬುದು ನನ್ನ ವಾದ.

ಮೊದಲು ಅಂಕಿಗಳನ್ನು ನೋಡೋಣ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರ ಪೈಕಿ ಶೇ. 30, ಪುರುಷರ ಪೈಕಿ ಶೇ. 31ರಷ್ಟು ಮಂದಿಯ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಲೆಕ್ಕ) 25 ಅಥವಾ ಅದಕ್ಕಿಂತ ಹೆಚ್ಚಿತ್ತು, ಅಂದರೆ ಅವರದು ಅತಿತೂಕ ಅಥವಾ ಬೊಜ್ಜು. 2015–16ರಲ್ಲಿ ಇದು ಕ್ರಮವಾಗಿ 23 ಮತ್ತು 22 ಆಗಿತ್ತು. ಇಡೀ ದೇಶದ ಲೆಕ್ಕ ತೆಗೆದರೆ ನಗರದ ಮಹಿಳೆಯರಲ್ಲಿ ಶೇ. 33, ಹಳ್ಳಿಯ ಮಹಿಳೆಯರಲ್ಲಿ ಶೇ. 20. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಹೆಚ್ಚಿನವರ ಕಣ್ಣಿಗೆ ಬಿದ್ದದ್ದು 10 ಕೋಟಿ ಮಧುಮೇಹಿಗಳ ಸಂಖ್ಯೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು: ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು. ನಮ್ಮವರ ಮೈಕಟ್ಟಿಗೆ ಇದೇ ಹೆಚ್ಚು ಅಪಾಯಕಾರಿ. ಕೈಕಾಲು ಸಣಕಲಾಗಿದ್ದು ಸೊಂಟದ ಸುತ್ತಳತೆ ಮಾತ್ರ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೂ ವೈದ್ಯರು ಎಚ್ಚರಿಸುವುದು ಈ ಕಾರಣಕ್ಕೆ.

ನಡೆದಾಟದ ಕಡೆಯ ಲೆಕ್ಕ ಇನ್ನೂ ಕೆಟ್ಟದಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟೂ ಮಾಡದ ವಯಸ್ಕರು ಭಾರತದಲ್ಲಿ 2000ದಲ್ಲಿ ಶೇ. 22ರಷ್ಟಿದ್ದರು. 2022ರ ಹೊತ್ತಿಗೆ ಅದು ಶೇ. 49ಕ್ಕೆ ಏರಿತ್ತು. ಪುರುಷರಲ್ಲಿ 42, ಮಹಿಳೆಯರಲ್ಲಿ 57. ಎರಡು ದಶಕದಲ್ಲಿ ಇಡೀ ದೇಶದ ಮನೋಬಲ ಅರ್ಧಕ್ಕರ್ಧ ಕುಸಿಯಿತು ಎಂದು ನಂಬುವುದು ಕಷ್ಟ. ಬದಲಾದದ್ದು ಕೆಲಸದ ರೀತಿ, ಓಡಾಟದ ರೀತಿ, ಊರಿನ ರೀತಿ. ಇಂಡಿಯಾಬ್‌ನ ಹಳೆಯ ಒಂದು ವರದಿ ಹೇಳುವಂತೆ ಬಿಡುವಿನ ವೇಳೆಯಲ್ಲಿ ಆಟ, ವ್ಯಾಯಾಮ ಅಂತ ಮೈ ದಣಿಸುವವರು ನಮ್ಮಲ್ಲಿ ಶೇ. 10ಕ್ಕಿಂತ ಕಡಿಮೆ. ಅಂದರೆ ಉಳಿದವರ ಮೈ ಅಷ್ಟಿಷ್ಟು ಅಲುಗುವುದು ಮನೆಗೆಲಸ, ದುಡಿಮೆ ಮತ್ತು ಓಡಾಟದಲ್ಲಿ ಮಾತ್ರ. ಓಡಾಟದಿಂದ ನಡಿಗೆಯನ್ನು ತೆಗೆದುಬಿಟ್ಟರೆ ಮತ್ತೇನು ಉಳಿಯಿತು?

ಇಲ್ಲಿ ಒಂದು ತಕರಾರನ್ನು ಎದುರಿಸಲೇಬೇಕು. ‘ನಡೆದರೆ ತೂಕ ಇಳಿಯುತ್ತದೆಯೇ?’ ಬರೀ ನಡೆದರೆ ಹೆಚ್ಚೇನೂ ಇಳಿಯುವುದಿಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು ನೂರೈವತ್ತು ಕ್ಯಾಲೊರಿ. ಹೋಟೆಲಿಗೆ ನುಗ್ಗಿ ಎಣ್ಣೆಯಿಂದ ಎತ್ತಿದ ಒಂದು ಬನ್ಸ್ ತಿಂದರೆ ಅದು ಹಿಂದಕ್ಕೆ ಬಂದಂತೆ. ಬೊಜ್ಜಿಗೆ ದೊಡ್ಡ ಕಾರಣ ಆಹಾರವೇ ಎಂಬುದರಲ್ಲಿ ತಜ್ಞರಲ್ಲಿ ಈಗ ಹೆಚ್ಚು ಭಿನ್ನಾಭಿಪ್ರಾಯ ಉಳಿದಿಲ್ಲ. ಪಾರ್ಕ್ ಕಟ್ಟಿದರೆ ಊರು ತೆಳ್ಳಗಾಗುತ್ತದೆ ಎನ್ನುವವರನ್ನು ನಾನೂ ನಂಬುವುದಿಲ್ಲ. ಆದರೆ ನಡಿಗೆಯ ಲಾಭ ತಕ್ಕಡಿಯಲ್ಲಷ್ಟೇ ಕಾಣುವಂಥದ್ದಲ್ಲ. ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ರಕ್ತದೊತ್ತಡ, ಹೃದಯ, ನಿದ್ದೆ, ಮುಪ್ಪಿನಲ್ಲಿ ಬೀಳದಂತೆ ಕಾಯುವ ಕಾಲಿನ ಸ್ನಾಯು ಇವೆಲ್ಲ ತೂಕ ಒಂದು ಕಿಲೋ ಇಳಿಯದಿದ್ದರೂ ಸುಧಾರಿಸುತ್ತವೆ. ಕಷ್ಟಪಟ್ಟು ಇಳಿಸಿದ ತೂಕ ಮತ್ತೆ ಏರದಂತೆ ಹಿಡಿದಿಡುವುದರಲ್ಲೂ ಮೈಚಲನೆಯ ಪಾಲು ದೊಡ್ಡದು.

ಊರಿಗೂ ಮೈಗೂ ಇರುವ ನಂಟು ಮೊದಲು ಬೆಳಕಿಗೆ ಬಂದದ್ದು ಒಂದು ಬಸ್ಸಿನಲ್ಲಿ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಅಧ್ಯಯನವನ್ನು ಪ್ರಕಟಿಸಿದರು. ಇಡೀ ದಿನ ಕೂತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಗಣನೀಯವಾಗಿ ಕಡಿಮೆಯಿತ್ತು. (ಫುಟ್‌ಬೋರ್ಡಿನಲ್ಲಿ ನೇತಾಡಿ, ಸ್ಟಾಪ್ ಸ್ಟಾಪಿನಲ್ಲಿ ಹಾರಿ ಇಳಿದು ‘ರೈಟ್ ಪೋಯಿ’ ಎನ್ನುವ ನಮ್ಮ ಸಿಟಿ ಬಸ್ ಕಂಡಕ್ಟರುಗಳನ್ನು ಯಾರಾದರೂ ಅಳೆಯಬೇಕಿತ್ತು.) ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಮೂರು ವರ್ಷದ ನಂತರ ಸಿಬ್ಬಂದಿಯ ಸಮವಸ್ತ್ರದ ಅಳತೆಯನ್ನೇ ತೆಗೆದು ನೋಡಿದರೆ, ಎಳೆ ವಯಸ್ಸಿನವರಲ್ಲೂ ಚಾಲಕರ ಸೊಂಟವೇ ದೊಡ್ಡದಿತ್ತು. ಹಾಗಾದರೆ ಕೂತು ದಪ್ಪಗಾದರೋ, ದಪ್ಪಗಿದ್ದವರೇ ಕೂರುವ ಕೆಲಸ ಆರಿಸಿಕೊಂಡರೋ?

ಈ ಪ್ರಶ್ನೆ ಊರುಗಳ ಅಧ್ಯಯನವನ್ನೂ ಬಿಟ್ಟಿಲ್ಲ. 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ 14 ನಗರಗಳ ಅಧ್ಯಯನದಲ್ಲಿ, ನಡೆಯಲು ಅತ್ಯಂತ ಅನುಕೂಲವಾದ ಬಡಾವಣೆಗಳ ಜನ ಅತಿ ಅನನುಕೂಲ ಬಡಾವಣೆಗಳವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಚಟುವಟಿಕೆಯಿಂದಿದ್ದರು. ವಾರದ 150 ನಿಮಿಷದಲ್ಲಿ ಅರ್ಧದಷ್ಟು ಊರೇ ಕೊಟ್ಟಂತಾಯಿತು. ಆದರೆ ನಡೆಯುವ ಆಸೆಯುಳ್ಳವರೇ ಅಂಥ ಬಡಾವಣೆಗಳಲ್ಲಿ ಮನೆ ಹುಡುಕಿರಬಹುದಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಮೊನ್ನೆ ಮೊನ್ನೆ. ಅಮೆರಿಕದಲ್ಲಿ ಊರು ಬದಲಿಸಿದ ಸಾವಿರಾರು ಮಂದಿಯ ಫೋನಿನ ಹೆಜ್ಜೆ ಲೆಕ್ಕವನ್ನು ವಿಶ್ಲೇಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಡೆಯಲು ಕಷ್ಟದ ಊರಿನಿಂದ ಸುಲಭದ ಊರಿಗೆ ಹೋದವರು ದಿನಕ್ಕೆ ಸುಮಾರು 1,100 ಹೆಜ್ಜೆ ಹೆಚ್ಚು ನಡೆದರು. ಮನುಷ್ಯ ಅವನೇ, ಮನಸ್ಸೂ ಅದೇ. ಬದಲಾದದ್ದು ಊರು.

ಲ್ಯಾನ್ಸೆಟ್ ಅಧ್ಯಯನದ 14 ನಗರಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. ನಮಗೆ ಹತ್ತಿರದ ಉದಾಹರಣೆ ಚೆನ್ನೈಯದು. ಅಲ್ಲಿನ ಏಷ್ಯಾಡ್ ಕಾಲನಿ ಎಂಬ ಮಧ್ಯಮ ವರ್ಗದ ಬಡಾವಣೆಯಲ್ಲಿ ಮಧುಮೇಹ ಸಂಶೋಧಕರು ಸಮೀಕ್ಷೆ ನಡೆಸಿ, ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಟ್ಟರು. ನಿವಾಸಿಗಳು ತಾವೇ ದುಡ್ಡು ಹಾಕಿ ಕಾಲನಿಯೊಳಗೆ ಒಂದು ಪಾರ್ಕ್ ಕಟ್ಟಿಕೊಂಡರು. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ವ್ಯಾಯಾಮ ಮಾಡುವವರು ಶೇ. 14ರಿಂದ ಶೇ. 59ಕ್ಕೆ ಏರಿದರು. ಅದೇ ಅವಧಿಯಲ್ಲಿ, ಇಂಥ ಯಾವ ಏರ್ಪಾಡೂ ಇಲ್ಲದ ಒಂದು ಬಡ ಬಡಾವಣೆಯಲ್ಲಿ ಮಧುಮೇಹ ದುಪ್ಪಟ್ಟಿಗೂ ಮೇಲೆ ಬೆಳೆಯಿತು. ಏಷ್ಯಾಡ್ ಕಾಲನಿಯಲ್ಲಿ ಏರಿಕೆ ಅದರ ಒಂದು ಸಣ್ಣ ಪಾಲು. ಎರಡೇ ಬಡಾವಣೆಗಳ ಹೋಲಿಕೆಯಾದ್ದರಿಂದ ಪೂರ್ತಿ ಶ್ರೇಯ ಪಾರ್ಕಿಗೇ ಕೊಡಲಾಗದು. ಹಣ, ಓದು, ತಿಳಿವಳಿಕೆ ಎಲ್ಲವೂ ಬೇರೆ ಬೇರೆ. ಆದರೂ ಒಂದು ವಿಷಯ ಗಮನಿಸಬೇಕು. ಆ ಪಾರ್ಕ್ ಊರಿನ ಆಚೆ ತುದಿಯಲ್ಲಿರಲಿಲ್ಲ, ಮನೆ ಬಾಗಿಲಿನಲ್ಲಿತ್ತು.

ಮಂಗಳೂರಿಗೆ ದೊಡ್ಡ ಜಾಗಗಳ ಕೊರತೆಯಿಲ್ಲ. ಪಣಂಬೂರು, ತಣ್ಣೀರುಬಾವಿ ಕಡಲ ತೀರ, ಮೂಡುಶೆಡ್ಡೆಯ ಪಿಲಿಕುಳ, ಬಾವುಟಗುಡ್ಡೆಯ ಠಾಗೋರ್ ಪಾರ್ಕ್, ಕದ್ರಿ. ಉಡುಪಿಗೆ ಮಲ್ಪೆ, ಅಜ್ಜರಕಾಡು, ಮಣಿಪಾಲದ ಎಂಡ್ ಪಾಯಿಂಟ್, ಮಣ್ಣಪಳ್ಳ. ಪಡುಬಿದ್ರಿ ಬೀಚಿಗೆ 2020ರಲ್ಲಿ ಸ್ವಚ್ಛ ಕಡಲ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಾಗ ಊರಿಗೆ ಊರೇ ಖುಷಿಪಟ್ಟಿತು. ಇವೆಲ್ಲ ಭಾನುವಾರದ ಜಾಗಗಳು. ಮಂಗಳವಾರ ಸಂಜೆ ಏಳಕ್ಕೆ ಕುಲಶೇಖರದ ಒಬ್ಬ ಗೃಹಿಣಿ ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ಕಾಲಾಡಿಸಿ ಬರಲು ತಣ್ಣೀರುಬಾವಿಗೆ ಹೋಗಲಾರಳು.

ಸಣ್ಣ ಜಾಗಗಳು ಏಕಿಲ್ಲ ಎಂಬುದಕ್ಕೆ ಉತ್ತರ ಜಾಗದ ಕಾಗದಪತ್ರದಲ್ಲಿದೆ. ಮೈಸೂರಿನಲ್ಲಿ, ಬೆಂಗಳೂರಿನ ಹಳೆಯ ಭಾಗಗಳಲ್ಲಿ ಪ್ರಾಧಿಕಾರವೋ ಸೊಸೈಟಿಯೋ ಹತ್ತಾರು ಎಕರೆಯನ್ನು ಒಟ್ಟಿಗೆ ತೆಗೆದುಕೊಂಡು ಬಡಾವಣೆ ಮಾಡಿದ್ದರಿಂದ, ಕಾನೂನಿನಂತೆ ಪಾರ್ಕಿಗೆ, ಶಾಲೆಗೆ, ಮೈದಾನಕ್ಕೆ ಅಂತ ಜಾಗ ಬಿಡಬೇಕಾಯಿತು. ಕರಾವಳಿಯಲ್ಲಿ ಹಾಗೆ ಆದದ್ದು ಕಡಿಮೆ. ಇಲ್ಲಿ ಗದ್ದೆಯೋ ಗುಡ್ಡೆಯೋ ಒಂದು ಕುಟುಂಬದ ಕೈಯಲ್ಲಿರುತ್ತದೆ. ಪಾಲಾಗುತ್ತದೆ, ಕೃಷಿಯೇತರ ಬಳಕೆಗೆ ಕನ್ವರ್ಶನ್ ಆಗುತ್ತದೆ, ಐದು ಸೆಂಟ್ಸ್, ಎಂಟು ಸೆಂಟ್ಸ್, ಹತ್ತು ಸೆಂಟ್ಸ್ (ನೂರು ಸೆಂಟ್ಸಿಗೆ ಒಂದು ಎಕರೆ) ಅಂತ ಮಾರಾಟವಾಗುತ್ತದೆ. ಪ್ರತಿ ತುಂಡಿಗೂ ಏಕನಿವೇಶನದ ಹೆಸರಿನಲ್ಲಿ ಪ್ರತ್ಯೇಕ ಅನುಮೋದನೆ. ಬಡಾವಣೆ ಎಂಬುದೇ ಇಲ್ಲದ ಮೇಲೆ ಬಡಾವಣೆಯ ಪಾರ್ಕ್ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷದಲ್ಲಿ ಇನ್ನೂರು ಮನೆ ಎದ್ದಿರುತ್ತದೆ, ಮಕ್ಕಳಿಗೆ ಒಂದು ಶಟಲ್ ಆಡುವಷ್ಟು ಜಾಗವೂ ಇರುವುದಿಲ್ಲ. ರಸ್ತೆಯೂ ಹೀಗೇ. ಮೊದಲ ಮನೆಯವರು ಕಾರು ಹೋಗುವಷ್ಟು ಬಿಟ್ಟದ್ದೇ ಕೊನೆಗೆ ಇನ್ನೂರು ಮನೆಗಳ ಮುಖ್ಯರಸ್ತೆ. ಅದರಲ್ಲಿ ಫುಟ್‌ಪಾತಿನ ಮಾತೇ ಇಲ್ಲ.

ಇದರ ಹಿಂದೆ ಒಂದು ಒಳ್ಳೆಯ ಇತಿಹಾಸವೂ ಇದೆ ಎಂಬುದು ವಿಚಿತ್ರ. ಎಪ್ಪತ್ತರ ದಶಕದ ಭೂಸುಧಾರಣೆ ರಾಜ್ಯದಲ್ಲೇ ಹೆಚ್ಚು ಫಲ ಕೊಟ್ಟ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಒಂದು. ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು, ಅದರಿಂದ ಬಂದ ಧೈರ್ಯದಲ್ಲಿ ಮಕ್ಕಳನ್ನು ಓದಿಸಿದರು. ಅದೇ ಸಣ್ಣ ಸಣ್ಣ ಹಿಡುವಳಿಗಳು ಮುಂದೆ ನಗರ ಹಬ್ಬಿದಾಗ ಒಂದೊಂದಾಗಿ ನಿವೇಶನವಾದವು. ಇದರಲ್ಲಿ ಮಾರಿದ ರೈತನ ತಪ್ಪೇನೂ ಇಲ್ಲ. ಇಂಥ ತುಂಡು ತುಂಡು ಬೆಳವಣಿಗೆಗೆ ತಕ್ಕ ನಿಯಮವನ್ನು ಯೋಜನೆ ಮಾಡುವವರು ಕಟ್ಟಬೇಕಿತ್ತು. ಉದಾಹರಣೆಗೆ, ಪ್ರತಿ ಏಕನಿವೇಶನದಿಂದ ಸಣ್ಣ ಮೊತ್ತ ಕೂಡಿಹಾಕಿ ಆಯಾ ವಾರ್ಡಿನಲ್ಲೇ ಇಪ್ಪತ್ತು ಮೂವತ್ತು ಸೆಂಟ್ಸ್ ಜಾಗ ಕೊಳ್ಳುವುದು. ಶುಲ್ಕ ಎಲ್ಲೆಡೆ ವಸೂಲಾಗುತ್ತದೆ. ಅದು ಆ ವಾರ್ಡಿನ ಮಣ್ಣಾಗಿ ಹಿಂದಿರುಗುವುದು ಕಾಣುವುದಿಲ್ಲ.

ಹಿಂದೆ ಪಾರ್ಕ್ ಇಲ್ಲದಿದ್ದರೂ ನಡೆಯುತ್ತಿತ್ತು, ಏಕೆಂದರೆ ಕೊಯ್ಲಾದ ಗದ್ದೆಯೇ ಮೈದಾನವಾಗಿತ್ತು. ಸುಗ್ಗಿ ಮುಗಿದರೆ ಬಾಕಿಮಾರು ಗದ್ದೆಯಲ್ಲಿ ಕ್ರಿಕೆಟ್, ವಾಲಿಬಾಲ್. ಗದ್ದೆಯ ಹುಣಿಯಲ್ಲಿ, ತೋಡಿನ ಬದಿಯಲ್ಲಿ, ಗುಡ್ಡೆ ಇಳಿಯುವ ಮೆಟ್ಟಿಲಿನಲ್ಲಿ ಕಾಲುದಾರಿ. ಮಂಗಳೂರು ಗುಡ್ಡೆ ಮತ್ತು ಬೈಲುಗಳ ಊರು. ವಾಹನದ ರಸ್ತೆ ಗುಡ್ಡೆಯನ್ನು ಬಳಸಿಕೊಂಡು ಸುತ್ತು ಹೊಡೆದರೆ, ಕಾಲುದಾರಿ ನೇರ ಇಳಿಯುತ್ತಿತ್ತು. ಬಸ್ ಸ್ಟಾಪಿಗೆ ನಡೆದು ಐದು ನಿಮಿಷ, ಗಾಡಿಯಲ್ಲಿ ಹೋದರೂ ಐದು ನಿಮಿಷ. ಹಾಗಾಗಿ ಜನ ನಡೆಯುತ್ತಿದ್ದರು. ಏರು ಹತ್ತುವ ಶ್ರಮ ಬೇರೆ ಉಚಿತ. ಈಗ ಒಂದೊಂದೇ ಕಾಲುದಾರಿಗೆ ಕಂಪೌಂಡ್ ಬಂದಿದೆ, ಗೇಟು ಬಿದ್ದಿದೆ, ದಾರಿ ತಕರಾರು ಕೋರ್ಟಿನಲ್ಲಿದೆ. ಐದು ನಿಮಿಷದ ದಾರಿ ಹದಿನೈದು ನಿಮಿಷದ್ದಾದರೆ ಯಾರೇ ಆದರೂ ಸ್ಕೂಟರ್ ತೆಗೆಯುತ್ತಾರೆ. ಹೊಸ ಪಾರ್ಕಿನ ಉದ್ಘಾಟನೆಗೆ ಫ್ಲೆಕ್ಸ್ ಹಾಕುತ್ತೇವೆ. ಮುಚ್ಚಿಹೋದ ಕಾಲುದಾರಿಗಳ ಪಟ್ಟಿಯನ್ನಂತೂ ಯಾರೂ ಇಟ್ಟಿಲ್ಲ.

ಮೈದಾನಗಳ ಕಥೆಯನ್ನು ಇನ್ನೊಂದು ತುದಿಯಿಂದ ನೋಡಬೇಕು. ಕರಾವಳಿಯ ಯುವಕ ಮಂಡಲಗಳು ನಡೆಸುವ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳಿಗೆ ಇಂದಿಗೂ ಜನ ಮುಗಿಬೀಳುತ್ತಾರೆ. ಮಳೆಗಾಲದಲ್ಲಿ ‘ಕೆಸರ್ಡ್ ಒಂಜಿ ದಿನ’ (ಕೆಸರಿನಲ್ಲೊಂದು ದಿನ) ಎಂದು ಇಡೀ ಊರು ಗದ್ದೆಗಿಳಿದು ಓಡುತ್ತದೆ. ಅಂದರೆ ಆಟದ ಆಸೆ ಸತ್ತಿಲ್ಲ. ಸತ್ತಿರುವುದು ಉಳಿದ ದಿನಗಳ ಜಾಗ. ನೆಹರೂ ಮೈದಾನ ನಗರದ ನಟ್ಟನಡುವೆ ಇದೆ, ಆದರೆ ಸಭೆ, ಪಂದ್ಯಾಟಗಳ ನಡುವೆ ಹತ್ತು ವರ್ಷದ ಹುಡುಗಿಗೆ ಅಲ್ಲಿ ಮೂಲೆ ಸಿಗುವುದಿಲ್ಲ. ಲಾಲ್‌ಬಾಗಿನ ಕರಾವಳಿ ಉತ್ಸವ ಮೈದಾನದಲ್ಲಿ ವಸ್ತುಪ್ರದರ್ಶನದ ಜಯಂಟ್ ವ್ಹೀಲ್ ನಿಂತರೆ ಆಟ ಮುಗಿಯಿತು. ಈ ತೆರವನ್ನು ತುಂಬಿದವರು ಟರ್ಫ್ ಮಾಲೀಕರು. ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ರಾತ್ರಿ ಹನ್ನೊಂದಕ್ಕೆ ಬಾಕ್ಸ್ ಕ್ರಿಕೆಟ್ ಆಡುವ ಐಟಿ, ಬ್ಯಾಂಕ್ ಹುಡುಗರನ್ನು ನೋಡಿದರೆ ಸಂತೋಷವೇ ಆಗುತ್ತದೆ. ಆದರೆ ಅಲ್ಲಿ ಹೆಂಗಸರು ಎಷ್ಟು, ಐವತ್ತು ದಾಟಿದವರು ಎಷ್ಟು, ಮೀನು ದಕ್ಕೆಯ ಕೆಲಸಗಾರರ ಮಕ್ಕಳು ಎಷ್ಟು?

ಮಹಿಳೆಯರ ವಿಷಯದಲ್ಲಿ ಊರಿನ ವಿನ್ಯಾಸ ಇನ್ನೂ ನಿಷ್ಠುರ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 111 ದೇಶಗಳ 7 ಲಕ್ಷಕ್ಕೂ ಹೆಚ್ಚು ಮಂದಿಯ ಹೆಜ್ಜೆ ಲೆಕ್ಕ ನೋಡಿದಾಗ ಒಂದು ಅಂಶ ಎದ್ದು ಕಂಡಿತು. ಒಂದು ದೇಶದ ಬೊಜ್ಜನ್ನು ಊಹಿಸಲು ಸರಾಸರಿ ಹೆಜ್ಜೆಗಿಂತ ಹೆಜ್ಜೆಯ ಅಸಮಾನತೆಯೇ ಹೆಚ್ಚು ಸಹಾಯಕ. ಕೆಲವರು ತುಂಬ ನಡೆದು ಕೆಲವರು ನಡೆಯದೇ ಇರುವ ಕಡೆ ಬೊಜ್ಜು ಹೆಚ್ಚು. ಆ ಅಸಮಾನತೆಯ ದೊಡ್ಡ ಪಾಲು ಗಂಡು ಹೆಣ್ಣಿನ ನಡುವಿನದು. ಅಮೆರಿಕದ ನಗರಗಳಲ್ಲಿ, ನಡೆಯಲು ಅನುಕೂಲವಿದ್ದಷ್ಟೂ ಈ ಅಂತರ ಕುಗ್ಗಿತ್ತು. ನಮ್ಮಲ್ಲಿ ಬೀದಿದೀಪ ಕೆಟ್ಟ ರಸ್ತೆ, ಪಾರ್ಕಿನಲ್ಲಿ ಬೀಗ ಹಾಕಿದ ಶೌಚಾಲಯ, ಸಂಜೆ ಏಳರ ನಂತರ ಕತ್ತಲಾಗುವ ಮೂಲೆ ಇವು ಗಂಡಸಿಗೆ ಕಿರಿಕಿರಿ. ಹೆಂಗಸಿಗೆ ‘ಹೋಗುವುದೇ ಬೇಡ’ ಎಂಬ ತೀರ್ಮಾನ. ಬಸ್ಸಿನದೂ ಒಂದು ಲೆಕ್ಕವಿದೆ. ಬಸ್ಸಿನಲ್ಲಿ ಹೋಗುವವರು ಸ್ಟಾಪಿನವರೆಗೆ ನಡೆದೇ ನಡೆಯುತ್ತಾರೆ. 2023ರ ಶಕ್ತಿ ಯೋಜನೆ ರಾಜ್ಯದ ಬೇರೆಡೆ ಮಹಿಳೆಯರನ್ನು ಬಸ್ಸಿನತ್ತ ಎಳೆಯಿತು. ಖಾಸಗಿ ಬಸ್ಸುಗಳದೇ ಪಾರುಪತ್ಯವಿರುವ ಮಂಗಳೂರು, ಉಡುಪಿಯಲ್ಲಿ ಅದರ ಪ್ರಯೋಜನ ಸಿಕ್ಕಿದ್ದು ಕಡಿಮೆ. ಇಲ್ಲಿನ ಹುಡುಗಿಯರು ಮೊದಲ ಸಂಬಳದಲ್ಲಿ ಸ್ಕೂಟರ್ ಕಂತು ಕಟ್ಟುತ್ತಾರೆ. ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಗೆಲುವು. ಹೆಜ್ಜೆಯ ಲೆಕ್ಕದಲ್ಲಿ ಸೋಲು.

ಇನ್ನು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬೀಳುವ ಊರಿಗೆ, ಒಣ ಊರುಗಳ ಪಾರ್ಕಿನ ನಕ್ಷೆಯನ್ನೇ ತಂದು ಹಾಕಿದ್ದೇವೆ. ಇಂಟರ್‌ಲಾಕ್ ಹಾಸಿದ ಟ್ರ್ಯಾಕ್ ಜುಲೈಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ತೆರೆದ ಜಿಮ್ಮಿನ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಅರುವತ್ತು ದಾಟಿದವರಿಗೆ ಆ ನಾಲ್ಕು ತಿಂಗಳು ಗೃಹಬಂಧನ. ಏಪ್ರಿಲ್, ಮೇ ತಿಂಗಳ ಸೆಖೆಯನ್ನೂ ಸೇರಿಸಿದರೆ ಆರು ತಿಂಗಳು. ಸಿಂಗಾಪುರದಲ್ಲಿ ಮಂಗಳೂರಿಗಿಂತ ಕಡಿಮೆ ಮಳೆ. ಆದರೂ ರೈಲು ನಿಲ್ದಾಣಗಳಿಂದ 400 ಮೀಟರ್ ದೂರದೊಳಗಿನ ಶಾಲೆ, ಆಸ್ಪತ್ರೆ, ಮನೆಗಳವರೆಗೆ ಚಾವಣಿಯ ಕಾಲುದಾರಿ ಕಟ್ಟಲು ಅಲ್ಲಿನ ಸರ್ಕಾರ 2013ರಲ್ಲಿ ಹೊರಟು, 200 ಕಿಲೋಮೀಟರಷ್ಟನ್ನು ಸೇರಿಸಿತು. ನಾವು ಸಿಂಗಾಪುರವಾಗಬೇಕಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹಂಪನಕಟ್ಟೆಗೆ ಕೊಡೆ ಬಿಚ್ಚದೆ ನಡೆಯುವಂತಾದರೆ ಸಾಕು. ಹಳೆಯ ಪೇಟೆಯ ಅಂಗಡಿಗಳ ಮುಂದಿನ ಮಾಡು ಜಗಲಿಯವರೆಗೆ ಇಳಿದು ಆ ಕೆಲಸ ಮಾಡುತ್ತಿತ್ತು. ಹೊಸ ಕಾಂಪ್ಲೆಕ್ಸುಗಳು ಮುಂದಿನ ಜಾಗವನ್ನು ಪಾರ್ಕಿಂಗಿಗೆ ಕೊಟ್ಟವು.

ರಾಷ್ಟ್ರೀಯ ಹೆದ್ದಾರಿ 66ರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸುರತ್ಕಲ್‌ನಿಂದ ತೊಕ್ಕೊಟ್ಟಿನವರೆಗೆ, ಉಡುಪಿಯಲ್ಲಿ ಸಂತೆಕಟ್ಟೆಯಿಂದ ಅಂಬಲಪಾಡಿಯವರೆಗೆ ಅದು ಊರನ್ನು ಎರಡು ಹೋಳು ಮಾಡಿದೆ. ಆಚೆ ಬದಿಯ ಮೈದಾನ ಕಣ್ಣಿಗೆ ಕಾಣುತ್ತದೆ, ಮಗುವನ್ನು ಒಂಟಿಯಾಗಿ ಕಳಿಸಲು ಧೈರ್ಯವಾಗುವುದಿಲ್ಲ.

ಹಾಗಾದರೆ ನಮ್ಮ ಕಡೆ ಜನ ನಡೆಯುವ ಜಾಗವೇ ಇಲ್ಲವೇ? ಇದೆ. ಸಂಜೆ ಉಡುಪಿಯ ರಥಬೀದಿಗೆ ಹೋಗಿ ನೋಡಿ. ವಾಹನಗಳಿಗೆ ನಿರ್ಬಂಧವಿರುವ ಆ ಚೌಕದ ಸುತ್ತ ಅಷ್ಟಮಠಗಳು, ದೇವಸ್ಥಾನಗಳು, ಅಂಗಡಿಗಳು, ಕೂರಲು ಜಗಲಿಗಳು. ವ್ಯಾಯಾಮಕ್ಕೆಂದು ಬಂದವರು ಯಾರೂ ಇಲ್ಲ. ದೇವರ ದರ್ಶನಕ್ಕೆ ಬಂದವರು, ಪುಸ್ತಕ ಕೊಳ್ಳಲು ಬಂದವರು, ಸುಮ್ಮನೆ ಮಾತಾಡಲು ಬಂದವರು ಗೊತ್ತಿಲ್ಲದೆಯೇ ಒಂದೆರಡು ಸುತ್ತು ಹಾಕಿರುತ್ತಾರೆ. ಎಂಬತ್ತರ ಅಜ್ಜಿ, ಮೂರರ ಮೊಮ್ಮಗು ಇಬ್ಬರೂ ಅಲ್ಲಿ ಸಲೀಸು. ಮಂಗಳೂರಿಗೂ ವೆಂಕಟರಮಣ ದೇವಸ್ಥಾನದ ರಥಬೀದಿಯಿದೆ. ಹೂವಿನ ಮಾರುಕಟ್ಟೆ, ಚಿನ್ನದಂಗಡಿ, ಹಳೆಯ ಹೋಟೆಲುಗಳು, ಶಾಲೆ, ಎಲ್ಲವೂ ಇದೆ. ರಥೋತ್ಸವದ ದಿನ ಬಿಟ್ಟರೆ ಅದು ವಾಹನಗಳ ಬೀದಿ. ನನ್ನ ಪ್ರಕಾರ ಮಂಗಳೂರಿನ ಅತ್ಯುತ್ತಮ ಪಾರ್ಕ್ ಆಗಬಲ್ಲ ಜಾಗ ಅದು, ಒಂದು ಗಿಡವನ್ನೂ ಹೊಸದಾಗಿ ನೆಡದೆ. ಹೀಗೆಂದರೆ ವ್ಯಾಪಾರಿಗಳು ‘ಗಿರಾಕಿ ಬರುವುದಿಲ್ಲ’ ಎನ್ನುತ್ತಾರೆ. ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲೂ ಇದೇ ಭಯವಿತ್ತು. ವಾಹನಗಳನ್ನು ನಿರ್ಬಂಧಿಸಿದ ಮೇಲೂ ಆ ಬೀದಿ ಕೇರಳದ ಅತ್ಯಂತ ಗಿಜಿಗುಡುವ ಪೇಟೆಗಳಲ್ಲಿ ಒಂದಾಗಿಯೇ ಉಳಿದಿದೆ.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಹಂಪನಕಟ್ಟೆಗೆ ಗಡಿಯಾರ ಗೋಪುರ ಮರಳಿತು, ಒಂದಷ್ಟು ರಸ್ತೆಗಳಿಗೆ ಅಗಲ ಫುಟ್‌ಪಾತ್ ಬಂತು, ಎಮ್ಮೆಕೆರೆಗೆ ಈಜುಕೊಳ ಬಂತು, ನೇತ್ರಾವತಿ ದಂಡೆಯ ವಿಹಾರಪಥಕ್ಕೆ ಪರಿಸರಾಸಕ್ತರ ಆಕ್ಷೇಪವೂ ಬಂತು. ಈಜುಕೊಳ ಒಳ್ಳೆಯದೇ. ಆದರೆ ಖರ್ಚಿನ ಒಲವು ಎತ್ತ ಎಂಬುದು ಸ್ಪಷ್ಟ. ಫೋಟೋಗೆ ಸಿಗುವ, ರಿಬ್ಬನ್ ಕತ್ತರಿಸಬಹುದಾದ ವಸ್ತುವಿನತ್ತ. ನಾಲ್ಕು ನೂರು ಮೀಟರ್ ಸತತವಾಗಿ, ಎಲ್ಲೂ ಕೆಳಗಿಳಿಯದೆ ನಡೆಯಬಹುದಾದ ಫುಟ್‌ಪಾತಿಗೆ ರಿಬ್ಬನ್ ಕಟ್ಟುವುದು ಎಲ್ಲಿ? ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದಲ್ಲೂ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಕೆಲವೆಡೆ ಅದನ್ನು ಹತ್ತಲು ಮೊಣಕಾಲಿಗೆ ಕೈ ಊರಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಚೆನ್ನೈ ಪಾಲಿಕೆ 2014ರಲ್ಲೇ ಸಾರಿಗೆ ಬಜೆಟ್ಟಿನ ಶೇ. 60ರಷ್ಟನ್ನು ಪಾದಚಾರಿಗಳು ಮತ್ತು ಸೈಕಲ್ಲಿಗೆ ಮೀಸಲಿಡುವ ನೀತಿ ತಂದಿತ್ತು. ಅಷ್ಟೂ ಜಾರಿಯಾಗದಿದ್ದರೂ ವಾದಿಸಲು ಒಂದು ಅಂಕಿ ಕೈಗೆ ಸಿಕ್ಕಿತು. ಮಂಗಳೂರಿನ ಬಜೆಟ್ ಚರ್ಚೆಯಲ್ಲಿ ಅಂಥ ಅಂಕಿಯೇ ಇಲ್ಲ.

ಇನ್ನೊಂದು ತೊಡಕು, ನಡಿಗೆ ಯಾವ ಇಲಾಖೆಯ ಕೆಲಸವೂ ಅಲ್ಲ. ಕದ್ರಿ ಪಾರ್ಕ್ ತೋಟಗಾರಿಕೆ ಇಲಾಖೆಯದು, ಮಂಗಳಾ ಕ್ರೀಡಾಂಗಣ ಕ್ರೀಡಾ ಇಲಾಖೆಯದು, ರಸ್ತೆ ಪಾಲಿಕೆಯದು, ಹೆದ್ದಾರಿ ಕೇಂದ್ರದ್ದು, ನಕ್ಷೆಯ ಅನುಮೋದನೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಇವರೆಲ್ಲರ ಕೆಲಸದ ಫಲಿತಾಂಶ ಬಂದು ಬೀಳುವುದು ಆರೋಗ್ಯ ಇಲಾಖೆಯ ಮುಂದೆ, ಸಕ್ಕರೆ ಮತ್ತು ಬಿಪಿ ಮಾತ್ರೆಯ ರೂಪದಲ್ಲಿ. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ನಗರದಲ್ಲಿ ಒಂದು ಬಡಾವಣೆಯ ರಸ್ತೆ ಸರಿಪಡಿಸುವ ಮೊದಲು ಮತ್ತು ನಂತರ ಅಲ್ಲಿನವರ ಹೆಜ್ಜೆ, ಸೊಂಟ, ಸಕ್ಕರೆ ಅಳೆಯುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ತಕ್ಷಣ ಆಗಬಹುದಾದ ಕೆಲಸಗಳಲ್ಲಿ ಅತಿ ಅಗ್ಗದ್ದು ಶಾಲೆಗಳ ಗೇಟು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. ನಗರದ ಹಳೆಯ ಶಾಲೆಗಳಿಗೆ ಒಳ್ಳೆಯ ಮೈದಾನಗಳೇ ಇವೆ, ಸಂಜೆ ಐದಕ್ಕೆ ಬೀಗ ಬೀಳುತ್ತದೆ. ಕಾವಲು, ದೀಪ, ಏನಾದರೂ ಒಡೆದರೆ ಯಾರು ಹೊಣೆ ಎಂಬ ಆಡಳಿತ ಮಂಡಳಿಗಳ ಆತಂಕ ಸುಳ್ಳಲ್ಲ. ಆ ಖರ್ಚು ಮತ್ತು ಹೊಣೆಯನ್ನು ಪಾಲಿಕೆ ಹೊತ್ತು, ಸಂಜೆ ಐದರಿಂದ ಎಂಟರವರೆಗೆ ಸುತ್ತಲಿನವರಿಗೆ ತೆರೆದರೆ, ಒಂದು ಸೆಂಟ್ಸ್ ಜಾಗವನ್ನೂ ಕೊಳ್ಳದೆ ಹತ್ತಾರು ಮೈದಾನಗಳು ಸಿಗುತ್ತವೆ. ಎರಡನೆಯದು, 60 ವಾರ್ಡುಗಳಲ್ಲಿ ತಲಾ ಒಂದು ಮುಖ್ಯ ಬಸ್ ಸ್ಟಾಪನ್ನು ಆರಿಸಿ ಅದರ ಸುತ್ತ ಅರ್ಧ ಕಿಲೋಮೀಟರ್ ಫುಟ್‌ಪಾತನ್ನು ಮೊದಲು ಪೂರ್ತಿ ಮಾಡುವುದು. ತೋಡುಗಳ ಬದಿಯಲ್ಲಿ ಪಾಲಿಕೆಗೆ ಇನ್ನೂ ಹಕ್ಕು ಉಳಿದಿರುವಲ್ಲಿ ಕಾಲುದಾರಿ ಮಾಡಬಹುದು. ಮಳೆಗಾಲದಲ್ಲಿ ಉಕ್ಕುವ ಕಡೆಗಳನ್ನು ಬಿಟ್ಟು.

ಕಷ್ಟದ ಕೆಲಸ ನಗರದ ಅಂಚಿನದು. ಕೊಣಾಜೆ, ದೇರಳಕಟ್ಟೆ, ವಾಮಂಜೂರು, ಉಡುಪಿಯ ಕಡೆ ಪರ್ಕಳ, ಹಿರಿಯಡ್ಕ. ಅಲ್ಲಿ ಗದ್ದೆ ಇನ್ನೂ ಗದ್ದೆಯಾಗಿದೆ, ಕಾಲುದಾರಿಗೆ ಇನ್ನೂ ಗೇಟು ಬಿದ್ದಿಲ್ಲ. ಒಂದು ಬೈಲಿನ ಮೊದಲ ಐದು ಸೆಂಟ್ಸ್ ಕನ್ವರ್ಶನ್ ಆಗುವ ಮುನ್ನವೇ ಆ ಬೈಲಿಗೆ ರಸ್ತೆ ಎಷ್ಟು ಅಗಲ, ಕಾಲುದಾರಿ ಎಲ್ಲಿ, ಮಕ್ಕಳಿಗೆ ಎಷ್ಟು ಜಾಗ ಎಂಬ ನಕ್ಷೆ ಪಂಚಾಯತಿನ ಗೋಡೆಯಲ್ಲಿ ಅಂಟಿಸಿರಬೇಕು. ಐವತ್ತನೇ ಮನೆಯ ಗೃಹಪ್ರವೇಶದ ಹೊತ್ತಿಗೆ ಯೋಚಿಸಿದರೆ ಕೊಳ್ಳಲು ಜಾಗವೂ ಇರುವುದಿಲ್ಲ, ಇದ್ದರೆ ಅದರ ಬೆಲೆ ಪಂಚಾಯತಿಗೆ ಎಟಕುವುದೂ ಇಲ್ಲ.